ಮುಬೀನಾ ತೀರ್ಪು ಓದಲು ಕಲಿತದ್ದು

ಮುಬೀನಾಳನ್ನು ನೋಡುವ ಮೊದಲು ನಾನು ಅವಳ ದನಿ ಕೇಳಿದೆ.

ಅಂಧೇರಿಯ ಒಂದು ಡಬ್ಬಿಂಗ್ ಸ್ಟುಡಿಯೋದಲ್ಲಿ ಹಿಂದಿ ಧಾರಾವಾಹಿಗಳಿಗೆ ಕನ್ನಡ ಮಾತು ಬರೆಯುವುದು ನನ್ನ ಕೆಲಸ. ಪರದೆಯ ಮೇಲಿನ ತುಟಿ ಎಷ್ಟು ಹೊತ್ತು ಅಲುಗುತ್ತದೋ ಅಷ್ಟೇ ಹೊತ್ತಿನ ಮಾತು ಹೊಂದಿಸಬೇಕು. ಆ ದಿನ ಗಾಜಿನಾಚೆಯ ಕತ್ತಲೆ ಕೋಣೆಯಲ್ಲಿ ನಾಲ್ಕೈದು ಮಂದಿ ಮೈಕಿನ ಸುತ್ತ ನಿಂತು ಮಾರ್ಕೆಟ್ಟಿನ ಗದ್ದಲ ಮಾಡುತ್ತಿದ್ದರು. ಆ ಗದ್ದಲದೊಳಗಿಂದ ಒಂದು ದನಿ, "ಏ ಯಣ್ಣಾ, ಸೊಪ್ಪ ಬಾಡಿ ಹೋಗೇತಿ, ಇದಕ್ಕ ಇಷ್ಟ ರೇಟ ಹೇಳ್ತೀಯಲ್ಲ" ಅಂದಿತು. ನಾನು ಬರೆದ ಮಾತಲ್ಲ ಅದು, ಯಾರೂ ಬರೆದದ್ದಲ್ಲ. ನಮ್ಮ ವಿಜಯಪುರದ ಕಡೆಯ ಮಾತು, ಹಸಿಹಸಿಯಾಗಿ, ಮುಂಬಯಿಯ ಒಂದು ಕತ್ತಲೆ ಕೋಣೆಯಿಂದ ಬಂತು. ಹೊರಗೆ ಬಂದಾಗ ನೋಡಿದರೆ ಸಣ್ಣ ಮೈಯ, ತಲೆಗೆ ದುಪಟ್ಟಾ ಹೊದ್ದ ಒಬ್ಬಳು, ಕಣ್ಣು ಅರ್ಧ ಮುಚ್ಚಿಕೊಂಡೇ ನಡೆಯುತ್ತಿದ್ದಳು. ಬೆಳಕಿಗೆ ಹೊಂದಿಕೊಳ್ಳಲು ಅವಳಿಗೆ ಯಾವಾಗಲೂ ತುಸು ಹೊತ್ತು ಬೇಕು.

ನಾಯಕಿಯ ಮಾತು ಬೇರೆಯವರ ಪಾಲಿನದು. ಮದುವೆಮನೆಯ ಗುಸುಗುಸು, ಆಸ್ಪತ್ರೆಯ ಅಳು, ಬೀದಿಯ ಕೂಗಾಟ ಇವು ಮುಬೀನಾಳವು. ನಮ್ಮಲ್ಲಿ ಅದಕ್ಕೆ ಕ್ರೌಡ್ ಎನ್ನುತ್ತಾರೆ. ಅವಳು ಹುಟ್ಟಿ ಬೆಳೆದದ್ದು ಬೈಕುಲ್ಲಾದ ಒಂದು ಚಾಳಿನಲ್ಲಿ, ಸಾಲು ಕೋಣೆಗಳ ಹಳೆಯ ಕಟ್ಟಡದಲ್ಲಿ. ಅಪ್ಪ ಉಸ್ಮಾನ ಸಿಂದಗಿಯಿಂದ ಬಂದು ತಗಡಿನ ಟ್ರಂಕು ಮಾಡುವ ಕೆಲಸಕ್ಕೆ ನಿಂತವನು, ಈಗಿಲ್ಲ. ಅಮ್ಮ ಅಮೀನಾ ಇದ್ದಾಳೆ. ಮನೆಯಲ್ಲಿ ದಖನಿ, ಓಣಿಯಲ್ಲಿ ಮರಾಠಿ, ಮುನಿಸಿಪಾಲ್ಟಿ ಶಾಲೆಯಲ್ಲಿ ಏಳರವರೆಗೆ ಕನ್ನಡ. ಆಮೇಲೆ ಮನೆಯಲ್ಲೇ ಕೂತು ಓದಿ ಬಿ.ಎ. ಮುಗಿಸಿದ್ದಳು. ಎಷ್ಟೊಂದು ದನಿಗಳ ನಡುವೆ ಬೆಳೆದವಳು, ಯಾವ ದನಿಯನ್ನು ಬೇಕಾದರೂ ತೆಗೆಯುತ್ತಿದ್ದಳು.

ಲಾ ಓದಬೇಕೆಂಬ ಆಸೆ ಅವಳಿಗೆ ಹತ್ತಿದ್ದು ಯಾವ ಸಿಟ್ಟಿನಿಂದಲೂ ಅಲ್ಲ. ಒಂದು ಧಾರಾವಾಹಿಯಲ್ಲಿ ತಿಂಗಳುಗಟ್ಟಲೆ ಕೋರ್ಟಿನ ದೃಶ್ಯ ನಡೆಯಿತು. ಸಾಕ್ಷಿ ಬಾಯಿಬಿಟ್ಟಾಗಲೆಲ್ಲ ಕ್ರೌಡಿನವರು "ಹಾ!" ಎಂದು ಉಸಿರೆಳೆಯಬೇಕು. ಎಳೆದೆಳೆದು ಸಾಕಾಗಿ ಅವಳೊಮ್ಮೆ ನನ್ನನ್ನು ಕೇಳಿದಳು: "ಶೈಲಾಕ್ಕಾ, ಖರೇ ಕೋರ್ಟಿನ್ಯಾಗ ಮಂದಿ ಹಿಂಗ ಉಸರ ಎಳಿತಾರೇನ?"

"ನನಗೇನು ಗೊತ್ತ, ಹೋಗಿ ನೋಡು" ಅಂದೆ.

ಹೋಗಿಯೇ ಬಿಟ್ಟಳು. ಯಾರು ಬೇಕಾದರೂ ಒಳಗೆ ಹೋಗಿ ಕೂರಬಹುದು ಎನ್ನುವುದೇ ಅವಳಿಗೆ ಆಶ್ಚರ್ಯವಾಗಿತ್ತು. ಮಧ್ಯಾಹ್ನದ ಹೊತ್ತು. ಹಿಂದಿನ ಬೆಂಚಿನಲ್ಲಿ ಕೂತಳಂತೆ. ಎತ್ತರದ ಫ್ಯಾನು ತಿರುಗುತ್ತಿತ್ತು, ಕರಿ ಕೋಟಿನವರು ಬೆನ್ನು ಈ ಕಡೆ ಮಾಡಿ ಜಡ್ಜಿಗೆ ಮೆಲುದನಿಯಲ್ಲಿ ಏನೋ ಹೇಳುತ್ತಿದ್ದರು, ಜಡ್ಜ್ ಅದಕ್ಕಿಂತ ಮೆಲ್ಲಗೆ ಏನೋ ಅನ್ನುತ್ತಿದ್ದರು. ಒಂದು ಮಾತೂ ಸರಿಯಾಗಿ ಕಿವಿಗೆ ಬೀಳಲಿಲ್ಲ. ಯಾರೂ ಉಸಿರೆಳೆಯಲಿಲ್ಲ. ಕೇಳುತ್ತ ಕೇಳುತ್ತ ಅವಳಿಗೆ ಜೊಂಪು ಹತ್ತಿತು. ಎಚ್ಚರಾದಾಗ ಬೇರೆ ವಕೀಲರು, ಬೇರೆ ಕೇಸು, ಅದೇ ಮೆಲುದನಿ.

"ಅಷ್ಟ ಸಣ್ಣ ದನಿಯೊಳಗ ಅಷ್ಟ ದೊಡ್ಡ ಕೆಲಸ ನಡೀತದಲ್ಲ ಅಕ್ಕಾ" ಎಂದಳು ಮರುದಿನ. "ಅಲ್ಲಿ ಏನ ಮಾತಾಡ್ತಾರ ಅಂತ ನನಗ ತಿಳಿಬೇಕು."

ಅದೇ ವರ್ಷ ಪ್ರವೇಶ ಪರೀಕ್ಷೆ ಬರೆದಳು, ಫೋರ್ಟಿನ ಕಡೆಯ ಒಂದು ಕಾಲೇಜಿನಲ್ಲಿ ಬೆಳಗಿನ ತರಗತಿಗೆ ಸೇರಿದಳು. ಆಗ ಅವಳಿಗೆ ಮೂವತ್ತಮೂರು. ಸೂರ್ಯ ಏಳುವ ಹೊತ್ತಿಗೆ ಬೈಕುಲ್ಲಾ ಸ್ಟೇಷನ್ನು, ಕ್ಲಾಸು ಮುಗಿದ ಮೇಲೆ ಚರ್ಚಗೇಟಿನಿಂದ ಅಂಧೇರಿಗೆ ಲೋಕಲ್ ರೈಲು. ಲೇಡೀಸ್ ಡಬ್ಬಿಯ ಕಿಟಕಿಯ ಸೀಟು ಹಿಡಿದು ತೊಡೆಯ ಮೇಲೆ ತೀರ್ಪಿನ ಹಾಳೆಗಳನ್ನು ಹರಡಿಕೊಳ್ಳುತ್ತಿದ್ದಳು. ಕಾನೂನಿನ ಇಂಗ್ಲಿಷು ಅವಳಿಗೆ ಮಂಜಿನಂತಿತ್ತು. ಒಂದು ವಾಕ್ಯ ಶುರುವಾದರೆ ಮರೀನ್ ಲೈನ್ಸ್ ದಾಟಿ ಗ್ರಾಂಟ್ ರೋಡ್ ಬಂದರೂ ಮುಗಿಯುವುದಿಲ್ಲ ಎನ್ನುತ್ತಿದ್ದಳು.

ಮೊದಲ ವರ್ಷದವರಿಗೆ ಕಾನೂನಿನ ಓದುಬರಹ ಕಲಿಸುತ್ತಿದ್ದವರು ಸ್ನೇಹಲ್ ಮೇಡಂ. ಬೆಳಿಗ್ಗೆ ಪಾಠ, ಹಗಲೆಲ್ಲ ಕೋರ್ಟಿನಲ್ಲಿ ವಕೀಲಿಕೆ. ಅವರು ಎಲ್ಲರಿಗೂ ಒಂದು ಹಳೆಯ ತೀರ್ಪು ಕೊಟ್ಟು, ಒಂದೇ ಪುಟದಲ್ಲಿ ಅದರ ಸಾರ ಬರೆದು ತನ್ನಿ ಎಂದರು. ಏನು ನಡೆಯಿತು, ಕೋರ್ಟಿನ ಮುಂದಿದ್ದ ಪ್ರಶ್ನೆ ಏನು, ಕೋರ್ಟು ಏನು ಹೇಳಿತು, ಯಾಕೆ ಹೇಳಿತು, ಇಷ್ಟೇ.

ತೀರ್ಪು ಒಬ್ಬ ವಿಧವೆಯದು. ಅವಳು ಕಿಟಕಿಯ ಬಳಿ ಕೂತು ಹೊಲಿಗೆ ಮಾಡಿ ಬದುಕುತ್ತಿದ್ದವಳು. ಕಿಟಕಿಯಲ್ಲಿ ತುಳಸಿಯ ಕುಂಡ, ನೀಲಿ ಪರದೆ. ಪಕ್ಕದವನು ಎದುರಿಗೆ ಗೋಡೆ ಎಬ್ಬಿಸಿದ. ಕೋಣೆಯೊಳಗೆ ಕತ್ತಲೆ ಬಂತು. ಅವಳು ಕೋರ್ಟಿಗೆ ಹೋದಳು. ಮುಬೀನಾ ಅದನ್ನು ಓದಿದ ದಿನದಿಂದ ಆ ಹೆಂಗಸು ಅವಳ ಜೊತೆಗೇ ಓಡಾಡತೊಡಗಿದಳು. ದಾದರಿನಲ್ಲಿ ಹೂ ಕೊಳ್ಳುವ ಮುದುಕಿಯೊಬ್ಬಳನ್ನು ಕಂಡರೆ ಅವಳೇ ಎನಿಸುತ್ತಿತ್ತಂತೆ. ನೀಲಿ ಪರದೆ ಇದ್ದ ಕಿಟಕಿಗಳೆಲ್ಲ ಅವಳವೇ. ಮೂರು ಪುಟ ಸಾರ ಬರೆದಳು. ಕೊನೆಗೆ, "ಒಂದು ಬೆಳಕಿನಲ್ಲಿ ಬಾಳಿದವರಿಗೆ ಆ ಬೆಳಕು ಸ್ವಂತದ್ದಾಗುತ್ತದೆ ಎಂದು ಕೋರ್ಟು ಹೇಳಿತು" ಎಂದು ಮುಗಿಸಿದಳು.

ಮೇಡಂ ಅವಳನ್ನು ಎದ್ದು ನಿಲ್ಲಿಸಿ ಓದಿಸಿದರು. ದನಿ ಚೆನ್ನಾಗಿತ್ತಲ್ಲ, ಹಿಂದಿನ ಬೆಂಚಿನವರೂ ತಲೆ ಎತ್ತಿ ಕೇಳಿದರು.

"ವಾಕ್ಯ ಬಹಳ ಚಂದ ಇದೆ, ಮುಬೀನಾ" ಎಂದರು ಮೇಡಂ. "ಆದರೆ ಇದನ್ನು ಕೋರ್ಟು ಹೇಳಿಲ್ಲ. ಆ ಹೆಂಗಸಿನ ವಕೀಲರು ಹೇಳಿದ್ದು. ಅವಳು ಕೇಸು ಸೋತಳು."

ನಕ್ಕವರು ಒಬ್ಬಿಬ್ಬರೇ. ಆದರೆ ಮುಬೀನಾಳ ಅವಮಾನ ಅದರದ್ದಾಗಿರಲಿಲ್ಲ. ಇಷ್ಟು ದಿನ ಗೆದ್ದವಳೆಂದು ತಿಳಿದು ಜೊತೆಯಲ್ಲಿ ತಿರುಗಾಡಿದ್ದ ಹೆಂಗಸು ಕತ್ತಲೆ ಕೋಣೆಯಲ್ಲೇ ಉಳಿದುಬಿಟ್ಟಿದ್ದಳಲ್ಲ ಎನ್ನುವುದರದ್ದು. ಆ ದಿನ ಹಾಗೆಯೇ ಸ್ಟುಡಿಯೋಗೆ ಬಂದಳು. ಕೆಲಸದ ನಡುವೆ ಬಿಡುವು ಸಿಕ್ಕಾಗ ಗಾಜಿನಾಚೆಯ ಬೂತಿನೊಳಗೇ ಕೂತು, ಮೈಕಿನ ಸಣ್ಣ ದೀಪದಲ್ಲಿ ಅದೇ ತೀರ್ಪನ್ನು ಗಟ್ಟಿಯಾಗಿ ಓದಿಕೊಳ್ಳತೊಡಗಿದಳು. ಮೈಕು ಚಾಲೂ ಇತ್ತು. ಈ ಕಡೆ ನಾನೂ ರೆಕಾರ್ಡಿಂಗ್ ನೋಡಿಕೊಳ್ಳುವ ಕಿಶೋರನೂ ಚಹಾ ಕುಡಿಯುತ್ತ ಕೇಳುತ್ತಿದ್ದೆವು. ಕಿಶೋರ ಮಂಗಳೂರಿನ ಕಡೆಯವನು, ಇಪ್ಪತ್ತು ವರ್ಷದಿಂದ ಅದೇ ಕುರ್ಚಿಯಲ್ಲಿ ಕೂತವನು. ಏನೂ ಯೋಚಿಸದೆ, ರೂಢಿಯ ಬಲದಿಂದ ಗುಂಡಿ ಒತ್ತಿ ಅವಳ ಹೆಡ್‌ಫೋನಿಗೆ ಕೇಳಿದ: "ಮುಬೀನಾ, ಇದು ಯಾವ ಕ್ಯಾರೆಕ್ಟರ್?"

ಅವಳು ಓದುವುದನ್ನು ನಿಲ್ಲಿಸಿದಳು. ಗಾಜಿನಾಚೆಯಿಂದ ನಮ್ಮನ್ನೇ ನೋಡಿದಳು.

"ಗೊತ್ತಿಲ್ಲ ಕಿಶೋರಣ್ಣಾ" ಅಂದಳು. "ಅದ ಗೊತ್ತಾಗವಲ್ದು."

ಆಮೇಲೆ ಪೆನ್ನು ತೆಗೆದು ಪ್ರತಿ ಪ್ಯಾರಾದ ಅಂಚಿಗೂ ಗುರುತು ಹಾಕತೊಡಗಿದಳು. ಇದು ಹೆಂಗಸಿನ ವಕೀಲ. ಇದು ಗೋಡೆ ಕಟ್ಟಿದವನ ವಕೀಲ. ಇದು ಕೆಳಗಿನ ಕೋರ್ಟು ಮೊದಲೇ ಹೇಳಿದ್ದು, ಇಲ್ಲಿ ಬರೇ ನೆನಪು ಮಾಡಿಕೊಂಡದ್ದು. ಇದು ಹಳೆಯ ಇನ್ನೊಂದು ತೀರ್ಪಿನ ಮಾತು. ಮುಂದಿನ ವಾರಗಳಲ್ಲಿ ಯಾವ ತೀರ್ಪು ಸಿಕ್ಕಿದರೂ ಒಬ್ಬೊಬ್ಬರಿಗೆ ಒಂದೊಂದು ದನಿ ಕೊಟ್ಟು ಓದಿದಳು. ಒಬ್ಬ ವಕೀಲನಿಗೆ ಮೂಗಿನ ದನಿ, ಇನ್ನೊಬ್ಬನಿಗೆ ಎದೆಯ ದನಿ. ಹತ್ತು ಪುಟ ಹೀಗೆ ಬೇರೆಯವರೇ ಮಾತಾಡಿ ಮಾತಾಡಿ, ಎಲ್ಲೋ ಒಂದು ಕಡೆ "ನಮ್ಮ ಅಭಿಪ್ರಾಯದಲ್ಲಿ" ಎಂದು ಜಡ್ಜ್ ತಾವಾಗಿ ಬಾಯಿ ತೆರೆಯುತ್ತಿದ್ದರು. ಆ ಜಾಗ ಸಿಕ್ಕಾಗ ಅವಳಿಗೆ ಮೈ ಜುಮ್ಮೆನ್ನುತ್ತಿತ್ತು. ಮನೆಯಲ್ಲಿ ಅಮೀನಾ ಅಕ್ಕಿ ಆರಿಸುತ್ತ, ಮಗಳಿಗೆ ಗಾಳಿ ಸೋಕಿದೆಯೇನೋ ಎಂಬಂತೆ ನೋಡುತ್ತಿದ್ದಳಂತೆ.

ವಿಧವೆ ಸೋತದ್ದು ಯಾಕೆ ಎನ್ನುವುದೂ ಆಗ ಸ್ಪಷ್ಟವಾಯಿತು. ಕಿಟಕಿಯ ಬೆಳಕು ಹಕ್ಕಾಗಬೇಕಾದರೆ ಇಪ್ಪತ್ತು ವರ್ಷ ಅದನ್ನು ಅಡ್ಡಿಯಿಲ್ಲದೆ ಅನುಭವಿಸಿರಬೇಕು. ಅವಳು ಗೋಡೆಯಲ್ಲಿ ಆ ಕಿಟಕಿ ಇಡಿಸಿ ಹದಿನೇಳು ವರ್ಷವಷ್ಟೇ ಆಗಿತ್ತು.

ಮೇಡಂ ಹತ್ತಿರ ಎರಡನೆಯ ಸಲ ಬರೆದುಕೊಂಡು ಹೋದಾಗ ದನಿಗಳು ಸರಿಯಾಗಿದ್ದವು, ಆದರೆ ಪುಟ ಇನ್ನೂ ಎರಡಿತ್ತು.

"ತುಳಸಿ ಕುಂಡ ಯಾಕೆ ಬರೆದಿದ್ದೀ?" ಎಂದು ಕೇಳಿದರು ಮೇಡಂ.

"ಅದು ಇತ್ತಲ್ಲ ಮೇಡಂ, ತೀರ್ಪಿನಲ್ಲೇ ಇದೆ."

"ಇತ್ತು. ಈಗ ಅದನ್ನು ತೆಗೆದುಬಿಡು. ತೀರ್ಪು ಬದಲಾಗುತ್ತದಾ?"

"ಇಲ್ಲ."

"ಪರದೆ ತೆಗಿ. ಬದಲಾಯಿತಾ? ಹದಿನೇಳು ವರ್ಷ ಅನ್ನುವುದನ್ನು ತೆಗೆದು ಇಪ್ಪತ್ತೊಂದು ಮಾಡು. ಈಗ?"

"ಈಗ... ಆಕೆ ಗೆಲ್ಲಬಹುದು."

"ಹಾಗಾದರೆ ಬರೆಯಬೇಕಾದ್ದು ಅದು. ಯಾವುದನ್ನು ತೆಗೆದರೆ ತೀರ್ಪು ಅಲುಗುತ್ತದೋ ಅದನ್ನು ಮಾತ್ರ ಇಡು. ಒಂದು ವಾಕ್ಯದಲ್ಲಿ ಒಂದು ಸಂಗತಿ. ಯಾರು, ಏನು, ಯಾವಾಗ. ಪ್ರಶ್ನೆ ಬರೆದರೆ ಅದಕ್ಕೆ ಹೌದು ಅಥವಾ ಇಲ್ಲ ಎಂದು ಉತ್ತರ ಹೇಳಲು ಬರಬೇಕು."

ಹಾಗೆಯೇ ಬರೆದಳು. ಒಂದು ಪುಟವೂ ತುಂಬಲಿಲ್ಲ. ಉದ್ದನೆಯ ವಾಕ್ಯ ಕತ್ತರಿಸುವುದಕ್ಕೆ ನನ್ನ ಹತ್ತಿರವೂ ಬರುತ್ತಿದ್ದಳು, ಅದಷ್ಟು ನನಗೂ ಬರುತ್ತದೆ. ತೆಗೆದುಹಾಕುವ ಪ್ರತಿ ಮಾತಿಗೂ ಅವಳು ತುಸು ಹೊತ್ತು ತಡೆಯುತ್ತಿದ್ದಳು, ಸ್ಟೇಷನ್ನಿನಲ್ಲಿ ಯಾರನ್ನೋ ಬಿಟ್ಟು ಹೋಗುವವಳ ಹಾಗೆ.

ಆ ಚಳಿಗಾಲದಲ್ಲಿ ಅವಳಿಗೊಂದು ಕನಸು ಬಿತ್ತು. ಲೋಕಲ್ಲಿನಲ್ಲಿ, ಹಗಲಿನಲ್ಲಿ, ಮಾಹೀಮ್ ದಾಟಿ ಗಾಡಿ ಖಾಡಿಯ ಹಿನ್ನೀರಿನ ಸೇತುವೆಯ ಮೇಲೆ ಹೋಗುವಾಗ ಬಿಸಿಲು ಮುಖಕ್ಕೆ ಬಿದ್ದು ಕಣ್ಣು ಮುಚ್ಚಿತಂತೆ. ಕನಸಿನಲ್ಲೂ ಅದೇ ಡಬ್ಬಿ. ಆದರೆ ಸೀಟುಗಳ ಮೇಲೆ ಹೆಂಗಸರ ಬದಲು ತೀರ್ಪುಗಳಿಂದ ಅವಳು ತೆಗೆದುಹಾಕಿದ ಸಾಮಾನುಗಳು ಕೂತಿದ್ದವು. ತುಳಸಿ ಕುಂಡ, ನೀಲಿ ಪರದೆ, ಯಾವುದೋ ವಿಚ್ಛೇದನದ ಕೇಸಿನ ಒಡೆದ ಕೊಡೆ, ಇನ್ಯಾವುದೋ ಕೇಸಿನ ಮೇಕೆಮರಿ. ಯಾವುದಕ್ಕೂ ಬೇಜಾರಿರಲಿಲ್ಲ. ಕಿಟಕಿಯಾಚೆಯ ನೀರು ನೋಡುತ್ತ, ಗಾಡಿ ಹೋದ ಕಡೆ ಹೋಗುತ್ತಿದ್ದವು. "ಬಾಂದ್ರಾ ಬಂತು, ಎಚ್ಚರಾತು. ಎದ್ದು ಜಾಗಾ ಕೊಡಬೇಕು ಅನಿಸಿತಕ್ಕಾ, ಯಾರಿಗೆ ಅಂತ ತಿಳೀಲಿಲ್ಲ" ಎಂದು ನಗುತ್ತ ಹೇಳಿದಳು.

ಇನ್ನು ಅಂಬವ್ವನ ವಿಷಯ.

ಅಂಬವ್ವ ಮುಬೀನಾಳ ಚಾಳಿನವಳೇ, ಎರಡು ಬಾಗಿಲು ಆಚೆ. ಬೈಕುಲ್ಲಾ ಮಾರ್ಕೆಟ್ಟಿನಿಂದ ಕೊತ್ತಂಬರಿ, ಮೆಂತ್ಯದ ಕಟ್ಟು ತಂದು ಫುಟ್‌ಪಾತಿನಲ್ಲಿ ಮಾರುವ ಮುದುಕಿ. ಗಂಡ ಶಾಂತಪ್ಪ ತೀರಿಹೋಗಿದ್ದ, ಮಕ್ಕಳಿಲ್ಲ. ಮುಬೀನಾ ಅವಳನ್ನು ಆಯಿ ಎಂದೇ ಕರೆಯುತ್ತಿದ್ದಳು. ಒಂದು ದಿನ ಕ್ಲಾಸಿಗೆ ರಜೆ. ಬೆಳಿಗ್ಗೆ ಹೊರಗೆ ಬಂದು ನೋಡಿದರೆ ಅಂಬವ್ವ ಪಾತ್ರೆಗಳನ್ನು ಗೋಣಿಚೀಲಕ್ಕೆ ತುಂಬುತ್ತಿದ್ದಾಳೆ.

"ಎಲ್ಲಿಗೆ ಹೊಂಟಿ ಆಯಿ?"

"ಎಲ್ಲಿಗಂತ ಹೇಳ್ಲೆವ್ವಾ. ಕೋರ್ಟಿನವ್ರು ಖೋಲಿ ಬಿಡು ಅಂದಾರ."

ಕೋರ್ಟಿನ ಮೊಹರಿದ್ದ ಕಾಗದಗಳು ಬಂದಿದ್ದವು. ಕೆಳಗಿನ ಅಂಗಡಿಯ ಯಾರೋ ಓದಿ, ಜಾಗ ಖಾಲಿ ಮಾಡಬೇಕಂತ ಬರೆದಿದೆ ಎಂದಿದ್ದರು. ಬರೆದದ್ದೇನೋ ಹಾಗೆಯೇ ಇತ್ತು: ಬಾಡಿಗೆದಾರ ಶಾಂತಪ್ಪ ಸತ್ತಿದ್ದಾನೆ, ಅಲ್ಲಿರುವ ಹೆಂಗಸಿಗೆ ಯಾವ ಹಕ್ಕೂ ಇಲ್ಲ, ಅವಳು ಖೋಲಿಯನ್ನು ಬಿಟ್ಟುಕೊಡತಕ್ಕದ್ದು. ಮುಬೀನಾ ಹೊಸ್ತಿಲ ಮೇಲೆ ಕೂತು ಮೊದಲ ಹಾಳೆಯಿಂದ ಓದಿದಳು. ಮಧ್ಯದಲ್ಲಿ ಒಮ್ಮೆ ಹಿಂದಕ್ಕೆ ತಿರುವಿದಳು, ಮತ್ತೆ ಮುಂದಕ್ಕೆ.

"ಆಯಿ, ಚೀಲ ಕೆಳಗಿಡು" ಎಂದಳು. "ಇದು ಕೋರ್ಟಿನ ಮಾತಲ್ಲ. ಮಾಲಕರು ಕೋರ್ಟಿಗೆ ಕೇಳ್ಯಾರ, ಇಂಥಾದ್ದು ಮಾಡಿಸಿಕೊಡ್ರಿ ಅಂತ. ಕೋರ್ಟು ಅಂದದ್ದು ಈ ಮ್ಯಾಲಿನ ಒಂದ ಹಾಳಿ ಅಷ್ಟ. ಅದರಾಗ ಏನೈತಿ ಅಂದ್ರ, ಈ ತಾರೀಕಿಗೆ ಬಂದು ನಿನ್ನ ಮಾತ ಏನೈತಿ ಹೇಳು ಅಂತ."

"ನನ್ನ ಮಾತ ಕೇಳ್ತಾರೇನ?"

"ಕೇಳಾಕ ಅಂತ ಕರದಾರ."

ಅಂಬವ್ವ ಗೋಣಿಚೀಲದ ಬಾಯಿ ಬಿಚ್ಚಿದಳಂತೆ. ಆಮೇಲೆ ಒಂದು ಬೋಗುಣಿ ಹೊರಗೆ ತೆಗೆದು ಇಬ್ಬರಿಗೂ ಚಹಾ ಇಟ್ಟಳು.

ಮುಬೀನಾ ಸ್ನೇಹಲ್ ಮೇಡಂಗೆ ಫೋನು ಮಾಡಿದಳು. ಮೇಡಂ ಕೇಸು ನೋಡಲು ಒಪ್ಪಿ, "ಏನೇನು ನಡೆದಿದೆ ಅಂತ ಒಂದು ಪುಟ ಬರೆದುಕೊಂಡು ಬಾ" ಎಂದರು. ಮುಬೀನಾ ಎರಡು ಸಂಜೆ ಅಂಬವ್ವನ ಜೊತೆ ಕೂತಳು. ಮುದುಕಿಯ ಮಾತು ಹೊಳೆಯಂತೆ ಎಲ್ಲೆಲ್ಲಿಗೋ ಹರಿಯುತ್ತಿತ್ತು. ಅವಳು ಸೊಸೆಯಾಗಿ ಬಂದ ದಿನದ ಮಳೆ, ಮಿಲ್ಲಿನ ಭೋಂಗಾದ ಕೂಗು, ಶಾಂತಪ್ಪನಿಗೆ ಇಷ್ಟವಾಗಿದ್ದ ಪುಂಡಿ ಪಲ್ಯ. ಮುಬೀನಾ ಕಲಿತ ಹಾಗೆ ಒಂದೊಂದನ್ನೇ ತೆಗೆಯುತ್ತ ಹೋದಳು. ಖೋಲಿ ಯಾರ ಹೆಸರಿನಲ್ಲಿ, ಯಾವ ವರ್ಷದಿಂದ, ಬಾಡಿಗೆ ಕೊಡುತ್ತ ಬಂದದ್ದು ಹೇಗೆ, ಇಷ್ಟು ಉಳಿಯಿತು. ಅದನ್ನು ಕನ್ನಡದಲ್ಲಿ ಓದಿ ಹೇಳಿದಳು.

ಅಂಬವ್ವ ಪೂರ್ತಿ ಕೇಳಿ, "ನಮ್ಮ ಮನಿಯವ್ರು ಸತ್ತದ್ದ ಬರದಿಲ್ಲಲ್ಲವ್ವಾ?" ಎಂದಳು.

"ಸತ್ತಾರ ಅಂತ ಅವರ ಕಾಗದದಾಗ ಐತಿ ಆಯಿ. ಮತ್ತ ಯಾಕ ಬರೀಬೇಕು?"

"ಅವ್ರು ಸತ್ತಾರ ಅಂತಷ್ಟ ಬರದಾರ. ಎಲ್ಲಿ ಸತ್ತರು? ದವಾಖಾನಿ ಬ್ಯಾಡ ಅಂದರು. ಇದ ಖೋಲಿಯಾಗ, ಈ ಗ್ವಾಡಿ ಮಗ್ಗಲ, ನನ್ನ ತೊಡಿ ಮ್ಯಾಲ ತಲಿ ಇಟ್ಟ ಹೋದರು. ಅದನ್ನ ಯಾರ ಬರೀಬೇಕು, ಮಾಲಕನ?"

ಮುಬೀನಾ ಹಾಳೆಯನ್ನು ಮತ್ತೆ ಕೈಗೆತ್ತಿಕೊಂಡಳು. ದುಃಖದ ಮಾತು, ಅದಕ್ಕೇ ಬಿಟ್ಟಿದ್ದಳು. ಆದರೆ ತೆಗೆದುಬಿಟ್ಟರೆ ಏನಾದರೂ ಅಲುಗುತ್ತದೆಯೇ ಎಂದು ಕೇಳಿಕೊಂಡಿರಲಿಲ್ಲ, ಸುಮ್ಮನೆ ತೆಗೆದಿದ್ದಳು. ಅಲುಗುತ್ತದೋ ಇಲ್ಲವೋ ಹೇಳಲು ಕಾನೂನು ಗೊತ್ತಿರಬೇಕು, ಅವಳಿಗೆ ಅದು ಗೊತ್ತಿರಲಿಲ್ಲ. ಹಾಳೆಯ ಕೆಳಗೆ ಒಂದು ಸಾಲು ಸೇರಿಸಿದಳು.

ಮೇಡಂ ಓದಿ, ಆ ಕೊನೆಯ ಸಾಲಿನ ಮೇಲೆ ಬೆರಳಿಟ್ಟರು. "ಇದನ್ನು ಕೆಳಗೆ ಯಾಕೆ ಹಾಕಿದೆ? ಕೇಸು ನಿಂತಿರುವುದೇ ಇದರ ಮೇಲೆ." ಬಾಡಿಗೆದಾರ ಸಾಯುವಾಗ ಮನೆಯ ಮಂದಿ ಅವನ ಜೊತೆ ಅದೇ ಮನೆಯಲ್ಲಿ ವಾಸವಾಗಿದ್ದರೆ ಬಾಡಿಗೆಯ ಹಕ್ಕು ಅವರಿಗೆ ಬರಬಹುದು ಎಂದು ಇಲ್ಲಿನ ಬಾಡಿಗೆ ಕಾನೂನು ಹೇಳುತ್ತದೆ ಎಂದು ವಿವರಿಸಿದರು. ಆಮೇಲೆ ಅದೇ ಸಾಲನ್ನು ತಿದ್ದಿದರು. ತೊಡೆ ಹೋಯಿತು, ಗೋಡೆ ಹೋಯಿತು. ಗಂಡ ತೀರಿಕೊಂಡ ತಾರೀಕು, ಖೋಲಿ, ಮತ್ತು ಅವಳು ಮದುವೆಯಾದಂದಿನಿಂದ ಅಲ್ಲೇ ಅವನ ಜೊತೆ ಇದ್ದಳು ಎನ್ನುವುದು ಉಳಿಯಿತು. ರೇಷನ್ ಕಾರ್ಡಿನಲ್ಲಿ ಇಬ್ಬರ ಹೆಸರೂ ಇದೆಯೇ ನೋಡು ಎಂದರು. ಇತ್ತು.

"ತೊಡೆಯ ಮಾತು ನಾನು ತೆಗೆದದ್ದು ಅವರಿಗೆ ಹೇಳಬೇಡ" ಎಂದರಂತೆ ಮೇಡಂ, ಕನ್ನಡಕ ಒರೆಸುತ್ತ. ಆದರೂ ಮುಬೀನಾ ಹೇಳಿದಳು. ಅಂಬವ್ವನಿಗೆ ಬೇಸರವಾಗಲಿಲ್ಲ. "ಅದು ನಂದು. ನನ್ನ ಹತ್ರ ಇರಲಿ ಬಿಡು" ಎಂದಳು.

ತಾರೀಕಿನ ದಿನ ನಾನೂ ರಜೆ ಹಾಕಿ ಅವರ ಜೊತೆ ಹೋಗಿದ್ದೆ. ಅಂಬವ್ವ ಇಳಕಲ್ ಸೀರೆ ಉಟ್ಟು ಬಂದಿದ್ದಳು. ಧೋಬಿ ತಲಾವಿನ ಹತ್ತಿರದ ಆ ಕೋರ್ಟಿನ ಕಾರಿಡಾರು ಕಾದುಕೊಂಡು ಕೂತ ಮಂದಿಯಿಂದ ತುಂಬಿತ್ತು. ನಮ್ಮ ಸರದಿ ಬಂದಾಗ ಮೇಡಂ ಎದ್ದು ನಿಂತು ಕಾಗದ ಕೊಟ್ಟರು. ಎದುರಿನ ವಕೀಲರೂ ಏನೋ ಹೇಳಿದರು. ಜಡ್ಜ್ ಹಾಳೆ ತಿರುವಿ, ತಲೆ ಎತ್ತಿ ಅಂಬವ್ವನನ್ನು ಒಮ್ಮೆ ನೋಡಿ, ಮುಂದಿನ ತಾರೀಕು ಕೊಟ್ಟರು. ಅಷ್ಟೇ. ಹೊರಗೆ ಬಂದ ಮೇಲೆ ಅಂಬವ್ವ ಕೇಳಿದ್ದು ಒಂದೇ: "ಇವತ್ತ ಮನಿಗೆ ಹೋಗಿ ಅಡಗಿ ಮಾಡ್ಬಹುದೇನ?" ಮಾಡಬಹುದು ಎಂದರು ಮೇಡಂ.

ಕೇಸು ಈಗಲೂ ನಡೆದಿದೆ, ತಾರೀಕಿನಿಂದ ತಾರೀಕಿಗೆ. ಅಂಬವ್ವ ತನ್ನ ಖೋಲಿಯಲ್ಲೇ ಇದ್ದಾಳೆ. ಮುಬೀನಾ ಮೊದಲ ವರ್ಷ ಪಾಸಾದಳು. ದೊಡ್ಡ ಅಂಕಗಳೇನಲ್ಲ, ಒಂದು ವಿಷಯವಂತೂ ದಡ ಮುಟ್ಟಿದ್ದಷ್ಟೇ. ರಜೆಯಲ್ಲಿ ಮೇಡಂ ಅವಳನ್ನು ತಮ್ಮ ಆಫೀಸಿಗೆ ಕರೆದರು. ಬರುವ ಜನರ ಮಾತು ಕೇಳಿ, ನಡೆದದ್ದನ್ನು ಒಂದು ಪುಟಕ್ಕೆ ಇಳಿಸಿಕೊಡುವುದು ಅವಳ ಕೆಲಸ. ಈಗ ಶನಿವಾರವೂ ಹೋಗುತ್ತಾಳೆ. ಕ್ರೌಡ್ ಬಿಟ್ಟಿಲ್ಲ, ಮನೆ ನಡೆಯಬೇಕಲ್ಲ.

ಆ ಮೊದಲ ತಾರೀಕಿನ ದಿನ ಕೋರ್ಟಿನಿಂದ ನಾವು ಮೂವರೂ ಬಸ್ಸಿನಲ್ಲಿ ವಾಪಸು ಬಂದೆವು. ಬೈಕುಲ್ಲಾಕ್ಕೆ ದೂರವೇನಿಲ್ಲ, ಆದರೆ ರಸ್ತೆ ಅಗೆದಿದ್ದರು, ಬಸ್ಸು ಆಮೆಯ ಹಾಗೆ ಸಾಗುತ್ತಿತ್ತು. ಮೂರು ಗಂಟೆಯ ಬಿಸಿಲು ಹಳದಿಯಾಗಿ ಸೀಟುಗಳ ಮೇಲೆ ಮಲಗಿತ್ತು. ಅಂಬವ್ವ ಮುಬೀನಾಳ ಹೆಗಲಿಗೆ ತಲೆ ಆನಿಸಿ ನಿದ್ದೆ ಹೋದಳು, ಬಾಯಿ ತುಸು ತೆರೆದುಕೊಂಡು, ಹುಡುಗಿಯ ಹಾಗೆ. ನಮ್ಮ ಸ್ಟಾಪು ಬಂತು. ನಾನು ಏಳಲು ಹೊರಟೆ. ಮುಬೀನಾ ತಲೆ ಅಲ್ಲಾಡಿಸಿದಳು.

"ಮಲಗಲಿ ಅಕ್ಕಾ" ಎಂದಳು ಪಿಸುದನಿಯಲ್ಲಿ. "ಮುಂದ ಇಳದು ನಡಕೋತ ಬರೋಣ."

ಬಸ್ಸು ಹೊರಟಿತು. ಚಿಂಚ್‌ಪೋಕಳಿಯ ಕಡೆಯ ಹಳೆಯ ಮಿಲ್ಲಿನ ಗೋಡೆಯ ಮೇಲೆ ಯಾರೋ ಪಾರಿವಾಳಗಳಿಗೆ ಕಾಳು ಚೆಲ್ಲಿದ್ದರು. ಅಂಬವ್ವ ಮುಬೀನಾಳ ಹೆಗಲ ಮೇಲೆ ಇನ್ನೂ ಮಲಗಿಯೇ ಇದ್ದಳು.